ಪ್ರಿಸ್ಕಾ ಅತ್ತೆ ಬೇಡಿದ ಬೀಗ

“ಅಮ್ಮ, ಬಾಗಿಲು ತೆಗೆದೇ ಇದೆಯಲ್ಲ, ಪ್ರಿಸ್ಕಾ ಅಜ್ಜಿ ಜೈಲಿಂದ ಯಾಕೆ ಆಚೆ ಬರ್ತಿಲ್ಲ?”

ಭಾನುವಾರ ಮಧ್ಯಾಹ್ನ ದಾಲಿಯಾ ಹೀಗೆ ಕೇಳಿದಾಗ ನಾನು ಕುಸಿದ ರಸ್ತೆಯ ಮಣ್ಣೆತ್ತಿ, ಮೊಣಕಾಲವರೆಗೂ ಕೆಸರಾಗಿ, ಸಲಿಕೆ ಹೊತ್ತುಕೊಂಡು ಊರ ಕಚೇರಿಯ ಅಂಗಳಕ್ಕೆ ಆಗಷ್ಟೇ ಬಂದಿದ್ದೆ. ನಮ್ಮಮ್ಮನ ಕೈಲಿ ಬಿಟ್ಟುಹೋಗಿದ್ದ ಮಗು ಓಡಿಬಂದು ಏನೋ ಹೇಳುತ್ತಿದೆ ಎಂದು ಸುಮ್ಮನೆ ಹೂಂಗುಟ್ಟಿದೆ. ಅವಳು ಲಂಗ ಹಿಡಿದು ಎಳೆದಳು. ನೋಡಿದರೆ ಮಗು ಹೇಳಿದ್ದು ನಿಜ. ಕಚೇರಿಗೆ ಅಂಟಿಕೊಂಡ ಕಲ್ಲಿನ ಕೋಣೆಯ ಕಂಬಿಬಾಗಿಲು ಹಾರುಹೊಡೆದಿದೆ, ಒಳಗೆ ತಮ್ಮದೇ ಚಾಪೆ ಹಾಸಿಕೊಂಡು, ಹಬ್ಬಕ್ಕೆ ತೊಡುವ ಕಸೂತಿಯ ಬಿಳಿ ಅಂಗಿ ತೊಟ್ಟು, ಎರಡು ಜಡೆಗೂ ಹೊಸ ರಿಬ್ಬನ್ನು ಕಟ್ಟಿಕೊಂಡು ಊರಿಗೆಲ್ಲ ಅತ್ತೆಯಾದ ಪ್ರಿಸ್ಕಾ ಅತ್ತೆ ಕೂತಿದ್ದಾರೆ. ಮದುವೆ ಮನೆಗೆ ಬಂದವರ ಹಾಗೆ.

ಆ ಮಧ್ಯಾಹ್ನ ಆದದ್ದನ್ನು ಈ ವಾರವಿಡೀ, ದಾಲಿಯಾ ಮಲಗಿದಾಗೆಲ್ಲ ತುಂಡು ತುಂಡಾಗಿ ಬರೆಯುತ್ತಿದ್ದೇನೆ.

ಮೆಕ್ಸಿಕೊದ ಬೇರೆ ಕಡೆ ಹೇಗೋ ನನಗೆ ಗೊತ್ತಿಲ್ಲ. ನಮ್ಮ ಸಪೊತೆಕ ಬೆಟ್ಟದ ಊರುಗಳಲ್ಲಿ ರಸ್ತೆ, ನೀರು, ಶಾಲೆಯ ಸೂರು, ಎಲ್ಲವೂ ಟೆಕಿಯೊದಿಂದಲೇ, ಅಂದರೆ ಊರವರೆಲ್ಲ ಸೇರಿ ಮಾಡುವ ಕೆಲಸದಿಂದಲೇ ಆಗಬೇಕು. ಟೆಕಿಯೊಗೆ ಕೂಲಿಯಿಲ್ಲ, ಬಿಡುವೂ ಇಲ್ಲ. ಊರ ಪಟ್ಟಿಯಲ್ಲಿ ಹೆಸರಿದ್ದ ಮನೆಯಿಂದ ಒಬ್ಬರು ಬರಲೇಬೇಕು. ಬಾರದವರು ಅಂದು ಮಧ್ಯಾಹ್ನದಿಂದ ಸಂಜೆಯ ಚರ್ಚಿನ ಗಂಟೆಯವರೆಗೆ ಆ ಕಲ್ಲುಕೋಣೆಯಲ್ಲಿ ಕೂರಬೇಕು. ನನ್ನ ಗಂಡ ರುಫಿನೊ ವಹಾಕಾ ಪಟ್ಟಣದ ಬೇಕರಿಯಲ್ಲಿ ಹಿಟ್ಟು ನಾದುತ್ತಾನೆ, ಆದ್ದರಿಂದ ಅವನ ಹೆಸರು ಕೂಗಿದಾಗ “ಇದ್ದೀನಿ” ಎನ್ನುವವಳು ನಾನು. ಊರಸಭೆಯಲ್ಲಿ ಅವನ ಬದಲು ಕೈಯೆತ್ತುವವಳೂ ನಾನೇ.

ಪ್ರಿಸ್ಕಾ ಅತ್ತೆಗೆ ಆ ಭಾಗ್ಯವೂ ಇರಲಿಲ್ಲ. ಅವರು ಮದುವೆಯಾಗಲಿಲ್ಲ. ಅವರ ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಆತನ ಹೆಸರಿನಲ್ಲಿ ಅತ್ತೆಯೇ ಪಿಕಾಸಿ ಹಿಡಿದು ಹೋದರು. ಈಗಿನ ಶಾಲೆಯ ಹಿಂದಿನ ಗೋಡೆಗೆ ಬೆಟ್ಟದ ಕಲ್ಲು ಹೊತ್ತವರಲ್ಲಿ ಅವರೂ ಒಬ್ಬರು. ಅಪ್ಪ ತೀರಿಕೊಂಡಾಗ ಸಭೆ ಆತನ ಹೆಸರು ಕೈಬಿಟ್ಟಿತು. ಗಂಡನಿಲ್ಲ, ಮಗನಿಲ್ಲ, ಒಂಟಿ ಹೆಂಗಸಿನ ಮೇಲೆ ಯಾಕೆ ಭಾರ ಹೊರಿಸುವುದು, ಇನ್ನು ಆಕೆ ಸುಮ್ಮನೆ ಮನೆಯಲ್ಲಿರಲಿ ಎಂದು ತೀರ್ಮಾನವಾಯಿತು. ಕರುಣೆಯಿಂದಲೇ ಆದ ತೀರ್ಮಾನ. ಆವತ್ತು ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ ಎಂದು ನಮ್ಮಮ್ಮ ಈಗಲೂ ಹೇಳುತ್ತಾಳೆ.

ಮುಂದಿನ ಟೆಕಿಯೊದ ದಿನ ಅಂಗಳದಲ್ಲಿ ಹೆಸರು ಕೂಗುವುದು ಅತ್ತೆಯ ಅಡುಗೆಮನೆಗೆ ಕೇಳಿಸಿತಂತೆ. ಪಕ್ಕದ ಮನೆಯ ಹೆಸರಾಯಿತು, ಆಚೆ ಮನೆಯದಾಯಿತು, ನಡುವೆ ತಮ್ಮದು ಬರಲಿಲ್ಲ. ಕೂತಲ್ಲಿ ಕೂರಲಾಗದೆ ದೊಡ್ಡ ಮಣ್ಣಿನ ಮಡಕೆಯಲ್ಲಿ ಕಾಫಿ ಕಾಯಿಸಿ, ಬೆಲ್ಲ ಹಾಕಿ, ಹೊತ್ತುಕೊಂಡು ಹೋದರು. ಅಲ್ಲಿಂದ ಒಂದು ಭಾನುವಾರವೂ ತಪ್ಪಿಸಲಿಲ್ಲ. ಕಾಫಿ, ಬೀನ್ಸ್ ತುಂಬಿದ ಜೋಳದ ಕಡುಬು ಟಮಾಲೆ, ಬಿಸಿಲು ಜೋರಾದರೆ ಕೋಕೋದ ನೊರೆಪಾನಕ. ಸಲಿಕೆ ಹಿಡಿದ ಹೆಂಗಸರ ಮಕ್ಕಳೆಲ್ಲ ಅವರ ಸುತ್ತ. ದಾಲಿಯಾ ಮೊದಲ ಹೆಜ್ಜೆ ಇಟ್ಟದ್ದೂ ಅವರ ಕಾಫಿ ಮಡಕೆಯನ್ನು ಹಿಡಿಯಲು ಹೋಗಿ. ಊರೆಲ್ಲ ಅವರನ್ನು ಸಂತಳೆಂದು ಹೊಗಳುವುದು. ಹೊಗಳಿದರೆ ಅತ್ತೆಯ ಮುಖ ಬಿಗಿಯುತ್ತಿತ್ತು. ನಾನು ಒಮ್ಮೆ ಕೈಮುಗಿದು ಉಪಕಾರವಾಯಿತು ಎಂದದ್ದಕ್ಕೆ, ನಿನ್ನ ಗಂಡ ಊರಲ್ಲಿದ್ದು ರಸ್ತೆಗೆ ಕಲ್ಲು ಹಾಕಿದಾಗ ನಾನು ಅವನಿಗೆ ಹೀಗೆ ಕೈಮುಗಿದಿದ್ದೆನೇ ಎಂದು ಕೇಳಿದ್ದರು.

ಹೋದ ವರ್ಷ ಹೊಸ ನೀರಿನ ಪೈಪು ಎಲ್ಲೆಲ್ಲಿ ಹೋಗಬೇಕೆಂದು ಸಭೆ ಸೇರಿತ್ತು. ಮೇಲಿನ ಕೇರಿಗೂ ಒಂದು ನಲ್ಲಿ ಬೇಕು ಎಂದು ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು. ಅವರ ಮನೆಯೂ ಅಲ್ಲೇ. ಅಧ್ಯಕ್ಷ ದೊನ್ ಎವೋದಿಯೊ ಒಳ್ಳೆಯವನು, ಮರಗೆಲಸದವನು, ಚಿಕ್ಕಂದಿನಲ್ಲಿ ಇದೇ ಅತ್ತೆಯ ಕೈತುತ್ತು ತಿಂದವನು. ಹೆಸರಿಲ್ಲದವರು ಸಭೆಯಲ್ಲಿ ಮಾತಾಡುವ ಹಾಗಿಲ್ಲ ಎಂದು ಖಾರವಾಗಿ ಹೇಳಲಾಗದೆ, “ಅತ್ತೆ, ಕಾಫಿ ಬಿಸಿ ಇದೆಯಾ?” ಎಂದ. ಎಲ್ಲರೂ ನಕ್ಕರು. ಅತ್ತೆ ಕಾಫಿ ತಂದರು. ಆ ವರ್ಷ ಪೈಪಿನ ತೀರ್ಮಾನ ಆಗಲಿಲ್ಲ. ಆ ಸಭೆ ಮತ್ತೆ ಸೇರಬೇಕಿದ್ದದ್ದು ಹೋದ ಭಾನುವಾರ, ರಸ್ತೆ ಕೆಲಸ ಮುಗಿದ ಕೂಡಲೇ.

ಬೆಳಿಗ್ಗೆ ನಾವು ಮಣ್ಣು ಕುಸಿದ ಕಡೆ ಹೋದಾಗ ಅತ್ತೆ ಇರಲಿಲ್ಲ. ಮೊದಲು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಬಿಸಿಲೇರಿದಂತೆ ಒಬ್ಬೊಬ್ಬರೇ ದಾರಿ ನೋಡತೊಡಗಿದರು. ಕಾಫಿಯಿಲ್ಲ, ತಿನ್ನುವುದಕ್ಕಿಲ್ಲ, ಮಕ್ಕಳು ಸಲಿಕೆಗಳ ನಡುವೆ ನುಗ್ಗುತ್ತಿವೆ. ಗಂಡಸರು ಗೊಣಗಿದರು, ಹೆಂಗಸರು ಇನ್ನೂ ಜೋರಾಗಿ ಗೊಣಗಿದರು. ಮುಂಚೆ ಒಂದು ಮಾತು ಹೇಳಬಾರದಿತ್ತೇ, ಇಷ್ಟೊಂದು ಮಣ್ಣು ಬಿದ್ದಿರುವ ದಿನವೇ ಮನೆಯಲ್ಲಿ ಕೂರಬೇಕಿತ್ತೇ ಎಂದು. ಕೊನೆಗೆ ದೊನ್ ಎವೋದಿಯೊ ಊರ ಪೇದೆ ಸಿಪ್ರಿಯಾನೊನನ್ನು ಕರೆದು, ಹೋಗಿ ಕರಕೊಂಡು ಬಾ, ಹೀಗೆ ಕೈಕೊಟ್ಟರೆ ಹೇಗೆ ಅಂತ ಕೇಳು ಎಂದು ಕಳಿಸಿದ. ಪೇದೆ ಬಂದು, ಅವರು ಬರಲ್ಲವಂತೆ, ನೀವು ಹೇಳಿದ್ದನ್ನು ಮಾತ್ರ ಎರಡು ಸಲ ಹೇಳಿಸಿ ಕೇಳಿಕೊಂಡರು ಎಂದ. ಆಗ ನಮಗೆ ಏನೂ ಅರ್ಥವಾಗಲಿಲ್ಲ.

ಜೈಲಿನ ಮುಂದೆ ಅರ್ಥವಾಯಿತು.

ಆ ದಿನ ನಿಜವಾಗಿ ಒಳಗೆ ಹೋಗಬೇಕಾದವನು ತಿಬುರ್ಸಿಯೊ. ಅವನು ವರ್ಷಕ್ಕೆ ಅರ್ಧ ಟೆಕಿಯೊ ತಪ್ಪಿಸುವವನು, ಹಿಂದಿನ ರಾತ್ರಿ ಕುಡಿದ ಮೆಸ್ಕಾಲ್ ಅವನನ್ನು ಏಳಲು ಬಿಡುವುದಿಲ್ಲ. ಸಿಪ್ರಿಯಾನೊ ಅವನನ್ನು ತೋಳು ಹಿಡಿದು ಕರೆತಂದ. ತಿಬುರ್ಸಿಯೊ ಅಭ್ಯಾಸದಂತೆ ತಲೆ ಬಗ್ಗಿಸಿ ಒಳಗೆ ಹೋದ, ಅತ್ತೆಯನ್ನು ಕಂಡು ಟೋಪಿ ತೆಗೆದ. ಅತ್ತೆ ಅವನಿಗೆ ಚಾಪೆಯಲ್ಲಿ ಜಾಗ ಮಾಡಿ, ಬುಟ್ಟಿಯಿಂದ ಒಂದು ಟಮಾಲೆ ಕೊಟ್ಟರು. ಸಿಪ್ರಿಯಾನೊ ಬೀಗ ಹಿಡಿದು ಹೊರಗೇ ನಿಂತ.

“ಅತ್ತೆ, ದಯವಿಟ್ಟು ಆಚೆ ಬನ್ನಿ. ನಾನು ಬೀಗ ಹಾಕಬೇಕು.”

“ಹಾಕಪ್ಪ. ಯಾರು ಬೇಡ ಅಂದರು?”

“ನೀವು ಒಳಗಿದ್ದರೆ ಹಾಕೋಕಾಗಲ್ಲ.”

“ಯಾಕೆ, ಬೀಗ ಕೆಟ್ಟಿದೆಯಾ?”

ಸಿಪ್ರಿಯಾನೊನ ದಪ್ಪ ಮೀಸೆಯ ಕೆಳಗೆ ಬೆವರು ಹನಿಯಿತು. ಅವನ ಕಷ್ಟ ನಮಗೆಲ್ಲ ನಿಧಾನವಾಗಿ ಹೊಳೆಯಿತು. ಬೀಗ ಹಾಕಿದರೆ ಅತ್ತೆಯೂ ಟೆಕಿಯೊ ತಪ್ಪಿಸಿದವಳೆಂದು ಊರೇ ಒಪ್ಪಿದ ಹಾಗೆ. ಹೆಸರಿಲ್ಲದವರು ತಪ್ಪಿಸುವುದು ಹೇಗೆ? ಹಾಕದಿದ್ದರೆ ತಿಬುರ್ಸಿಯೊಗೆ ಶಿಕ್ಷೆಯಿಲ್ಲ, ಮುಂದಿನ ಭಾನುವಾರ ಅರ್ಧ ಊರು ಹಾಸಿಗೆ ಬಿಟ್ಟೇಳುವುದಿಲ್ಲ. ಹಿಡಿದೆಳೆಯೋಣವೆಂದರೆ ಅವರು ಪ್ರಿಸ್ಕಾ ಅತ್ತೆ. ಊರಿನಲ್ಲಿ ಯಾರಿಗೆ ಜ್ವರ ಬಂದರೂ ಹಣೆ ಮುಟ್ಟಿ ನೋಡಿದ ಕೈ ಅದು. ಆ ಕೈಯನ್ನು ಎಳೆಯುವವರು ಯಾರು?

ತಿಬುರ್ಸಿಯೊ ಟಮಾಲೆ ಅಗಿಯುತ್ತಲೇ ದೂರು ಕೊಟ್ಟ. “ಸಿಪ್ರಿಯಾನೊ, ಬಾಗಿಲು ತೆಗೆದೇ ಇದ್ದರೆ ನಾನು ಮನೆಗೆ ಹೋಗಬೇಕಾಗುತ್ತೆ. ಮನೇಲಿ ನನ್ನ ಹೆಂಡತಿ ಇದ್ದಾಳೆ. ನನ್ನ ಶಿಕ್ಷೆ ನನಗೆ ಕೊಡ್ರಪ್ಪ.”

ಅಂಗಳ ತುಂಬಿತು. ಸಭೆಗೆ ಬಂದವರು ಕಚೇರಿಯ ಒಳಗೆ ಹೋಗದೆ ಜೈಲಿನ ಮುಂದೆಯೇ ನಿಂತರು, ಕೆಲವರು ಮಳೆನೀರಿನ ತೊಟ್ಟಿಯ ಮೇಲೆ ಹತ್ತಿದರು. ನಾನು ದಾಲಿಯಾಳನ್ನು ಹೆಗಲಿಗೇರಿಸಿಕೊಂಡು ಮುಂದಕ್ಕೆ ನುಗ್ಗಿದೆ. ದೊನ್ ಎವೋದಿಯೊ ಬಂದು ಕಂಬಿ ಹಿಡಿದು ಮೆತ್ತಗೆ ತಿಳಿಹೇಳಿದ. ಬರಲೇಬೇಕೆಂದು ನಿಮಗೆ ಯಾರೂ ಯಾವತ್ತೂ ಹೇಳಿಲ್ಲ, ನೀವು ಮಾಡುತ್ತಿದ್ದದ್ದು ನಿಮ್ಮ ದೊಡ್ಡ ಮನಸ್ಸು, ಬರದಿದ್ದರೆ ಅದು ತಪ್ಪೇ ಅಲ್ಲ ಎಂದ.

ಅತ್ತೆ ಎದ್ದು ನಿಂತರು. ಕುಳ್ಳ ಹೆಂಗಸು, ಎವೋದಿಯೊನ ಎದೆಗೂ ಬರುವುದಿಲ್ಲ. ಧ್ವನಿ ಮಾತ್ರ ತೊಟ್ಟಿಯ ಆಚೆಗೂ ಕೇಳಿಸಿತು.

“ತಪ್ಪಲ್ಲದಿದ್ದರೆ ಬೆಳಿಗ್ಗೆ ಯಾಕೆ ಬೈದಿರಿ? ಕೈಕೊಟ್ಟರೆ ಹೇಗೆ ಅಂತ ಯಾಕೆ ಹೇಳಿ ಕಳಿಸಿದೆ, ಎವೋದಿಯೊ? ನೆಂಟರು ಬಂದರೆ ಸಂತೋಷ, ಬರದಿದ್ದರೆ ಹೋಗಲಿ ಬಿಡು ಅಂತೀವಿ. ಬರದಿದ್ದರೆ ಬೈಯೋದು ಮನೆಯವರನ್ನ. ಇವತ್ತು ನನ್ನನ್ನ ಇಡೀ ಊರು ಬೈದಿದೆ. ಬೈದಮೇಲೆ ನಾನು ಮನೆಯವಳು. ಬೀಗ ಹಾಕಿ.”

ಬೆಳಿಗ್ಗೆ ಗೊಣಗಿದವರಲ್ಲಿ ನಾನೂ ಇದ್ದೆ, ಅಧ್ಯಕ್ಷನೂ ಇದ್ದ, ಪಾದ್ರಿಯ ಅಡುಗೆಯವಳೂ ಇದ್ದಳು. ಬೈದಿಲ್ಲ ಎನ್ನುವ ಬಾಯಿ ಯಾರದೂ ಇರಲಿಲ್ಲ.

ಎದ್ದು ಮಾತಾಡಿದವಳು ದೊನ್ಯಾ ಕಸಿಲ್ದಾ. ಆಕೆ ಗಂಡ ಸತ್ತವಳು, ಮಂಡಿ ನೋವಿನವಳು, ನಾಲಗೆ ಮಾತ್ರ ಗಟ್ಟಿ. ಅವಳ ಮಾತು ನನಗೂ ನಿಜವೆನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ. ಈವತ್ತು ನಿನಗೆ ಬೀಗ ಹಾಕಿದರೆ ನಾಳೆ ನನಗೂ ಹಾಕುತ್ತಾರೆ ಎಂದಳು. ನನಗೆ ಆಗುವ ದಿನ ಬರುತ್ತೇನೆ, ಆಗದ ದಿನ ಇಲ್ಲ, ಬಂದಷ್ಟಕ್ಕೆ ಒಳ್ಳೆಯ ಮಾತು ಕೇಳುತ್ತೇನೆ. ಅದನ್ನು ಕಡ್ಡಾಯ ಮಾಡಿಬಿಟ್ಟರೆ ಈ ಮಂಡಿ ಎಳೆದುಕೊಂಡು ಮಣ್ಣು ಹೊರಬೇಕಾಗುತ್ತದೆ. ಬಲವಂತದಿಂದ ಮಾಡಿದ್ದರಲ್ಲಿ ಪ್ರೀತಿ ಎಲ್ಲಿರುತ್ತದೆ, ಪ್ರಿಸ್ಕಾ? ನಿನ್ನ ಕಾಫಿ ರುಚಿಯಾಗಿದ್ದದ್ದೇ ಅದು ಯಾರೂ ಕೇಳದೆ ಬಂದದ್ದರಿಂದ ಎಂದು ಮುಗಿಸಿದಳು.

ಜನ ಹೌದೆಂದು ತಲೆಯಾಡಿಸಿದರು. ಇನ್ನೇನು ಅತ್ತೆ ಸೋತರು, ಬುಟ್ಟಿ ಎತ್ತಿಕೊಂಡು ಆಚೆ ಬಂದುಬಿಡುತ್ತಾರೆ ಎನ್ನಿಸಿತು. ಅತ್ತೆ ಕಸಿಲ್ದಾಳ ಕಡೆ ತಿರುಗಿದರು.

“ನೀನು ಹೇಳೋದು ಸರಿ, ಕಸಿಲ್ದಾ. ನಿನ್ನ ಮಂಡಿಗೆ ಯಾರೂ ಬಲವಂತ ಮಾಡಬಾರದು. ಹೆಸರು ಬೇಕು ಅನ್ನೋಳು ಬಂದು ಕೇಳಲಿ, ಬೇಡ ಅನ್ನೋಳು ಮನೇಲಿರಲಿ. ನಾನು ಕೇಳ್ತಿದ್ದೀನಿ. ಆದರೆ ಒಂದು ಸಲ ಸೇರಿಸಿಕೊಂಡ ಮೇಲೆ ನನ್ನ ಮನಸ್ಸು ಕೇಳಬೇಡಿ. ಬರಲೇಬೇಕು ಅನ್ನಿ.”

ಅಧ್ಯಕ್ಷ ತಲೆ ಕೆರೆದುಕೊಂಡ. ಅಲ್ಲ ಅತ್ತೆ, ನೀವಾಗಿ ಒಪ್ಪಿ ಸೇರುವುದಾದರೆ ಅದು ಬಲವಂತ ಹೇಗಾಯಿತು, ಇದ್ಯಾವ ಸೀಮೆಯ ಲೆಕ್ಕ ಎಂದ.

“ನೀನು ಒಪ್ಪಿ ತಾನೇ ಮದುವೆ ಆದದ್ದು?” ಎಂದರು ಅತ್ತೆ. “ಆಮೇಲೆ ದಿನಾ ಬೆಳಿಗ್ಗೆ ನಿನ್ನನ್ನ ಒಪ್ಪಿಗೆ ಕೇಳ್ತಾಳಾ ನಿನ್ನ ಹೆಂಡತಿ?”

ಮದುವೆಯಾಗದ ಹೆಂಗಸಿನ ಬಾಯಲ್ಲಿ ಈ ಮಾತು ಕೇಳಿ ಅಂಗಳ ಹಾರಿಹೋಗುವಂತೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಎವೋದಿಯೊನ ಹೆಂಡತಿ. ಕಸಿಲ್ದಾ ಹೊದ್ದ ಶಾಲಿನ ತುದಿ ಬಾಯಿಗೆ ಒತ್ತಿಕೊಂಡು ಭುಜ ಕುಣಿಸುತ್ತಿದ್ದಳು. ನಗು ಅಡಗಿದ ಮೇಲೆ ಅವಳೇ, ನನ್ನನ್ನು ಬಿಟ್ಟರೆ ಸಾಕು, ಅವಳಿಗೆ ಬೇಕಾದ್ದು ಅವಳಿಗೆ ಕೊಡಿ ಎಂದಳು.

ನನ್ನ ತಲೆಯಲ್ಲಿ ಆಗ ಓಡುತ್ತಿದ್ದದ್ದು ಬೇರೆ. ಅತ್ತೆ ಪಿಕಾಸಿ ಹಿಡಿದರೆ ಕಾಫಿ ಯಾರದು? ಸಲಿಕೆಗಳ ನಡುವೆ ಓಡುವ ಮಕ್ಕಳನ್ನು ಹಿಡಿಯುವವರು ಯಾರು? ರುಫಿನೊನ ಬದಲು ನಿಂತವಳಿಗೆ ಸಭೆಯಲ್ಲಿ ಮಾತಾಡುವ ಹಕ್ಕಿದೆ, ನಾನು ಇದುವರೆಗೆ ಬಳಸಿರಲಿಲ್ಲ. ದಾಲಿಯಾಳನ್ನು ಕೆಳಗಿಳಿಸಿ ಕೈಯೆತ್ತಿದೆ. ಕಾಫಿ ಕಾಯಿಸುವುದು, ಮಕ್ಕಳನ್ನು ನೋಡುವುದು ಇಲ್ಲದೆ ಈವತ್ತು ಮಣ್ಣು ಅರ್ಧವೂ ಎತ್ತಲಾಗಲಿಲ್ಲ, ಅಂದಮೇಲೆ ಅದೂ ಟೆಕಿಯೊವೇ, ಅದಕ್ಕೂ ಮನೆ ಮನೆಗೆ ಸರದಿ ಹಾಕಿ, ಗಂಡಸರಿಗೂ ಹಾಕಿ ಎಂದೆ. ಹಿಂದಿನಿಂದ ಯಾರೋ, ಸಿಪ್ರಿಯಾನೊನ ಕಾಫಿ ಕುಡಿಯುವುದಕ್ಕಿಂತ ಜೈಲೇ ವಾಸಿ ಎಂದರು. ತಿಬುರ್ಸಿಯೊ ಒಳಗಿನಿಂದ, ಕುಳಿತು ಮಾಡುವ ಕೆಲಸವಾದರೆ ನನ್ನ ಸರದಿ ಮೊದಲು ಬರಲಿ ಎಂದು ಕೂಗಿದ.

ದೊನ್ ಎವೋದಿಯೊ ನಗಲಿಲ್ಲ. ಒಮ್ಮೆ ಜನರತ್ತ ನೋಡಿದ, ಒಮ್ಮೆ ಅತ್ತೆಯತ್ತ. ಪ್ರಿಸ್ಕಾಳನ್ನು ಹೆಸರಿನವರಲ್ಲಿ ಸೇರಿಸಿಕೊಳ್ಳಲು ಒಪ್ಪುವವರು ಕೈಯೆತ್ತಿ ಎಂದ. ಎಷ್ಟು ಕೈ ಎದ್ದವು ಎಂದು ಎಣಿಸುವ ಅಗತ್ಯ ಬೀಳಲಿಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಮುದುಕರು ಕೈಕಟ್ಟಿಕೊಂಡೇ ನಿಂತಿದ್ದರು, ಅಷ್ಟೇ. ಆಮೇಲೆ ಅವನು ಅತ್ತೆಯನ್ನು ಅತ್ತೆ ಎನ್ನಲಿಲ್ಲ, ಅಧ್ಯಕ್ಷನ ಗತ್ತಿನಲ್ಲೇ ಹೇಳಿದ.

“ಪ್ರಿಸ್ಕಾ, ಈವತ್ತಿನ ಟೆಕಿಯೊಗೆ ಬರಲಿಲ್ಲ. ಸಂಜೆ ಗಂಟೆವರೆಗೂ ಒಳಗಿರಬೇಕು. ಸಿಪ್ರಿಯಾನೊ, ಹಾಕು.”

ಸಿಪ್ರಿಯಾನೊ ಬಾಗಿಲು ಎಳೆದ. ಬೀಗ ಬಿತ್ತು. ಅತ್ತೆ ಕಂಬಿ ಹಿಡಿದು ಒಮ್ಮೆ ಜಗ್ಗಿ ನೋಡಿದರು, ಗಟ್ಟಿಯಾಗಿ ಹಾಕಿದ್ದಾನೆಯೇ ಎಂದು. ಹಾಕಿದ್ದ. ಆಮೇಲೆ ಅವರ ಮುಖ ಹೇಗಾಯಿತೆಂದರೆ, ದಾಲಿಯಾ ಹುಟ್ಟಿದ ದಿನ ಅವಳನ್ನು ನನ್ನ ಎದೆಯ ಮೇಲಿಟ್ಟ ದಾದಿಯ ಮುಖ ನೆನಪಾಯಿತು. ಬೆವರು, ಕಣ್ಣೀರು, ನಗು ಎಲ್ಲ ಒಟ್ಟಿಗೆ.

ಪೈಪಿನ ಸಭೆಯೂ ಅಲ್ಲೇ ನಡೆಯಿತು. ಒಳಗಿದ್ದವರು ಕೈಯೆತ್ತಬಹುದೇ ಎಂಬ ಪ್ರಶ್ನೆಗೆ ತಿಬುರ್ಸಿಯೊ, ನಾನು ಎಷ್ಟೋ ವರ್ಷಗಳಿಂದ ಇಲ್ಲಿಂದಲೇ ಎತ್ತುತ್ತಿದ್ದೇನಲ್ಲ ಎಂದು ನೆನಪಿಸಿದ. ಮೇಲಿನ ಕೇರಿಗೆ ನಲ್ಲಿ ಬೇಕು ಎನ್ನುವವರಲ್ಲಿ ಅತ್ತೆ ಕಂಬಿಗಳ ನಡುವಿನಿಂದ ಭುಜದವರೆಗೂ ಕೈ ತೂರಿಸಿದರು. ನಾನೂ ಎತ್ತಿದೆ. ಸೋತೆವು. ಈ ವರ್ಷದ ಪೈಪು ಶಾಲೆಯವರೆಗೆ ಮಾತ್ರ. ನನಗೆ ಅಳುವೇ ಬಂತು. ಅತ್ತೆಗೆ ಬರಲಿಲ್ಲ. ಮುಂದಿನ ವರ್ಷ ಮತ್ತೆ ಎತ್ತುತ್ತೇನೆ, ಯಾರ್‍ಯಾರು ನಮ್ಮ ವಿರುದ್ಧ ಎತ್ತಿದರೆಂದು ನೋಡಿಟ್ಟುಕೊಂಡಿದ್ದೇನೆ, ಅಷ್ಟರಲ್ಲಿ ಒಬ್ಬೊಬ್ಬರ ಮನೆಗೂ ಹೋಗಿ ಜಗಳವಾಡಲು ಬೇಕಾದಷ್ಟು ಹೊತ್ತಿದೆ ಎಂದರು. ಇಷ್ಟು ವರ್ಷ ಯಾರ ಮನೆಗಾದರೂ ಜ್ವರ ನೋಡಲು ಮಾತ್ರ ಹೋದವರು.

ಗಂಟೆ ಬಾರಿಸಿದ ಮೇಲೆ ಬೀಗ ತೆಗೆದರು. ತಿಬುರ್ಸಿಯೊ ಚಾಪೆ ಸುತ್ತಿ ಹೊತ್ತುಕೊಂಡು ಅವರ ಹಿಂದೆ ಹೋದ. ಮರುದಿನ ಕಚೇರಿಯಲ್ಲಿ ಇನ್ನೊಂದು ಸಂಗತಿ ಎದುರಾಯಿತು. ನಮ್ಮಲ್ಲಿ ಹೊಸದಾಗಿ ಹೆಸರು ಸೇರಿದ ಯಾರೇ ಆಗಲಿ ಊರಿನ ಸೇವೆಯನ್ನು ಕೆಳಗಿನ ಮೆಟ್ಟಿಲಿನಿಂದ ಶುರುಮಾಡಬೇಕು. ಕೆಳಗಿನ ಮೆಟ್ಟಿಲೆಂದರೆ ಪೇದೆ. ಸಾಮಾನ್ಯವಾಗಿ ಹೊಸದಾಗಿ ಮದುವೆಯಾದ ಹುಡುಗರು ಮಾಡುವ ಕೆಲಸ. ಬೇಡವೆಂದರೆ ಬಿಡುತ್ತೇವೆ, ನಿಮ್ಮ ವಯಸ್ಸು ನೋಡಿ ಎಂದು ಎವೋದಿಯೊ ಮತ್ತೆ ಕರುಣೆ ತೋರಿಸಲು ಹೊರಟನಂತೆ. ಅತ್ತೆ ಅವನ ಮುಖವನ್ನು ನೋಡಿದ ರೀತಿಗೆ ಅವನೇ ಎದ್ದು ಪೇದೆಯ ಕೋಲು ತಂದುಕೊಟ್ಟನಂತೆ.

ಈವತ್ತು ಶನಿವಾರ, ಊಟದ ಹೊತ್ತಿಗೆ ಆ ಕೋಲು ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. ನಾನು ತೊರ್ತಿಯಾ ರೊಟ್ಟಿ ಸುಡುತ್ತಿದ್ದೆ. ಬಂದವರು ಕೂರಲಿಲ್ಲ, ಕೊಟ್ಟ ತೊರ್ತಿಯಾವನ್ನು ಕೈಯಲ್ಲೇ ಸುತ್ತಿ ಹಿಡಿದುಕೊಂಡರು. ನಾಳೆ ಉಳಿದ ಮಣ್ಣೆತ್ತುವ ಕೆಲಸಕ್ಕೆ ಬೆಳಗಾಗುತ್ತಲೇ ಕೇರಿ ಕೇರಿ ಸುತ್ತಿ, ಬಾಗಿಲು ತಟ್ಟಿ ಜನರನ್ನು ಎಬ್ಬಿಸಬೇಕು, ಅದು ಪೇದೆಯ ಕೆಲಸ. ಎರಡು ದಿನದಿಂದ ಕೋಳಿಗಳ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಾರಂತೆ. ಬಾಯಿ ತೆರೆದರೆ ಹಳೆಯ ಮಾತೇ ಬರುತ್ತದಂತೆ: ಬಿಡುವಿದ್ದರೆ ಬನ್ನಿ, ಕಷ್ಟವಾಗದಿದ್ದರೆ ಬನ್ನಿ.

ನಾನು ನಕ್ಕೆ. ಅವರು ನಗಲಿಲ್ಲ. ಹತ್ತಿರ ಬಂದು, ಒಲೆಯ ಮುಂದೆ ಆಡುತ್ತಿದ್ದ ದಾಲಿಯಾಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

“ಒಂದು ಉಪಕಾರ ಮಾಡು ಮಗಳೇ. ನಾಳೆ ಮೊದಲು ನಿನ್ನ ಬಾಗಿಲನ್ನೇ ತಟ್ತೀನಿ. ನೀನು ಎದ್ದಿದ್ದರೂ ಓಡಿ ಬರಬೇಡ. ಬರಲ್ಲ ಹೋಗಿ ಅಂತ ಒಳಗಿಂದಲೇ ಹೇಳು, ಸ್ವಲ್ಪ ಒರಟಾಗೇ ಹೇಳು. ಬರಲೇಬೇಕು ಅನ್ನೋದು ನನ್ನ ಬಾಯಲ್ಲಿ ಸರಿಯಾಗಿ ಬರೋ ತನಕ ಬಾಗಿಲು ತೆಗೀಬೇಡ.”